ಕ್ರಿಸ್‌ಮಸ್ ದ್ವೀಪಕ್ಕೆ ಹೋಗಿ ಬಂದೆವು



ರಜೆ ಬಂದರೆ ನಮ್ಮವರಿಗೆ ಬಾಲಿಯೇ. ಈ ಸಲ ನಾನೂ ನನ್ನಾಕೆಯೂ ಮಾಡ್ಬರಿಯಿಂದ ಪರ್ತ್ ಮೂಲಕ ಕ್ರಿಸ್‌ಮಸ್ ದ್ವೀಪಕ್ಕೆ ಹೋಗಿದ್ದೆವು. ಕಡಲಿನಿಂದೆದ್ದ ಜ್ವಾಲಾಮುಖಿ ಬೆಟ್ಟದ ತುದಿಯೇ ಈ ದ್ವೀಪ. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್, ಅರ್ಧಕ್ಕಿಂತ ಹೆಚ್ಚು ರಾಷ್ಟ್ರೀಯ ಉದ್ಯಾನ. ಮಳೆಗಾಲದ ಆರಂಭದಲ್ಲಿ ಕಡಲಿಗಿಳಿಯುವ ಕೋಟ್ಯಂತರ ಕೆಂಪು ಏಡಿಗಳ ವಿಷಯ ಎಲ್ಲರಿಗೂ ಗೊತ್ತು. ಡೇಲ್ಸ್ ಕಣಿವೆಯ ಸಿಹಿನೀರಿನ ತೊರೆಗಳಲ್ಲಿರುವ ನೀಲಿ ಏಡಿಗಳನ್ನು ನೋಡಲು ಹೋಗುವವರು ಕಡಿಮೆ.

ಇಲ್ಲಷ್ಟೇ ಇದ್ದ ಪುಟ್ಟ ಬಾವಲಿಯೊಂದರ ದನಿ ಕೊನೆಗೆ ದಾಖಲಾದದ್ದು 2009ರ ಆಗಸ್ಟ್‌ನಲ್ಲಿ. ಹಿಡಿದು ಸಾಕಲು ಅನುಮತಿ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು. ಆದರೆ ಆಗಲೇ ಹಿಡಿದು ಸಾಕತೊಡಗಿದ ನೀಲಿ ಬಾಲದ ಹಾವುರಾಣಿ ಉಳಿದುಕೊಂಡಿದೆ. ರೋಗಿ ತಡವಾಗಿ ಬಂದರೆ ಔಷಧಿ ಏನು ಮಾಡೀತು? ವೈದ್ಯನಾಗಿ ನನಗೆ ಇದು ಹೊಸತಲ್ಲ. ಉಳಿದಿರುವುದನ್ನು ಮಕ್ಕಳಿಗೆ ಈಗಲೇ ತೋರಿಸಿ.