ತೂಕಡಿಸುವ ಕಾವಲುಗಾರ

ಮಿತವ್ಯಯವೆಂಬುದು ಗೃಹಸ್ಥರಿಗೆ ಭೂಷಣ. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಹೊಳೆನರಸೀಪುರದ ನಮ್ಮ ಅಜ್ಜಿ, ಮಕ್ಕಳು ಮಲಗಿದೊಡನೆ ಲಾಂದ್ರದ ಬತ್ತಿಯನ್ನು ತಗ್ಗಿಸುತ್ತಿದ್ದರು, ಆರಿಸುತ್ತಿರಲಿಲ್ಲ. ನಡುರಾತ್ರಿ ಹಸು ಕೂಗಿದರೆ ಬೆಳಕು ಬೇಡವೆ?

ಈಗಿನ ಮೊಬೈಲು ಫೋನಿಗೂ ಈ ವಿದ್ಯೆಯನ್ನು ಕಲಿಸಿದ್ದಾರೆ. 2015ರಲ್ಲಿ ಬಂದ ಆಂಡ್ರಾಯ್ಡ್ 6ರೊಡನೆ ‘ಡೋಜ್’ ಎಂಬ ಏರ್ಪಾಡು ಸೇರಿತು. ಡೋಜ್ ಎಂದರೆ ತೂಕಡಿಕೆ. ಪರದೆ ಆರಿ, ಚಾರ್ಜಿಗೆ ಹಾಕದೆ, ಅಲುಗದೆ ಬಿದ್ದಿರುವ ಫೋನು ಸ್ವಲ್ಪ ಹೊತ್ತಿನಲ್ಲೇ ತೂಕಡಿಸತೊಡಗುತ್ತದೆ. ಆಗಾಗ ಕಣ್ಣು ತೆರೆದು, ಬಾಕಿ ಕೆಲಸಗಳನ್ನೆಲ್ಲ ಒಟ್ಟಿಗೆ ತೀರಿಸಿ, ಮತ್ತೆ ಕಣ್ಣು ಮುಚ್ಚುತ್ತದೆ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಈ ಕಲೆಯನ್ನು ನಾನು ನಿತ್ಯವೂ ಕಾಣುತ್ತೇನೆ! 2018ರ ಆಂಡ್ರಾಯ್ಡ್ 9 ಪಂಕ್ತಿಭೇದವನ್ನೇ ತಂದಿತು. ದಿನವೂ ತೆರೆಯುವ ಆ್ಯಪ್‌ಗೆ ಮೊದಲ ಪಂಕ್ತಿ, ಅಪರೂಪಕ್ಕೆ ತೆರೆಯುವುದಕ್ಕೆ ಕೊನೆಯದು. ಕೆಲವು ತಯಾರಕರು ಇದರ ಮೇಲೆ ತಮ್ಮದೇ ಬಿಗಿಯನ್ನೂ ಹೇರುತ್ತಾರೆ.

ಆಟಪಾಟಗಳ ಮಟ್ಟಿಗೆ ಇದು ಉಪಕಾರವೆಂದೇ ನನ್ನ ಮತ. ಆದರೆ ಅರಕಲಗೂಡಿನ ಕಡೆಯ ಹಳ್ಳಿಯಲ್ಲಿರುವ ನಮ್ಮ ತಂದೆಯವರ ಫೋನಿನಲ್ಲಿ ‘ದಾಮಿನಿ’ ಇದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ರೂಪಿಸಿದ ಈ ಆ್ಯಪ್, 20 ಮತ್ತು 40 ಕಿಲೋಮೀಟರಿನೊಳಗೆ ಸಿಡಿಲಿದ್ದರೆ ಎಚ್ಚರಿಸುತ್ತದೆ. ಮುಂಗಾರಿಗೆ ಮೊದಲಿನ ಮಳೆಯಲ್ಲಿ, ಆಲೂಗೆಡ್ಡೆಗೆ ಹೊಲ ಹಸನು ಮಾಡುವವರಿಗೆ ಇದಕ್ಕಿಂತ ಬೇಕಾದ ನೆಂಟ ಯಾರು? ಆದರೆ ಬಾನು ತಿಳಿಯಾಗಿರುವಾಗ ಸಿಡಿಲಿನ ಆ್ಯಪನ್ನು ಯಾರು ತೆರೆದು ನೋಡುತ್ತಾರೆ? ಹಾಗಾಗಿ ಅದು ಕೊನೆಯ ಪಂಕ್ತಿಗೆ ಬೀಳುತ್ತದೆ. ಕಳೆದ ಮೇ ತಿಂಗಳ ಒಂದು ಸಂಜೆ ಪಕ್ಕದ ತೋಟದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ತಂದೆಯವರು ಹಸುಗಳನ್ನು ಹೊಡೆದುಕೊಂಡು ಮನೆ ಸೇರಿ, ಕಾಫಿ ಕುಡಿದು ಮುಗಿಸಿದ ಮೇಲೆ ಫೋನು ಎಚ್ಚರಿಕೆ ನುಡಿಯಿತು!

ಕಾರಣವನ್ನು ತಿಳಿಸಿದವನು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸಿನಲ್ಲಿ ಬಂದು ಓದುವ ನನ್ನ ವಿದ್ಯಾರ್ಥಿ. ಸೆಟ್ಟಿಂಗ್ಸಿನಲ್ಲಿ ಒಂದೊಂದು ಆ್ಯಪ್‌ನ ಹೆಸರಿನಡಿಯಲ್ಲೂ ಬ್ಯಾಟರಿ ಎಂಬ ಪುಟವಿದೆ. ಅಲ್ಲಿ ನಿರ್ಬಂಧವಿಲ್ಲವೆಂದು ಗುರುತು ಹಾಕಬಹುದು. ಮುಂದಿನ ಭಾನುವಾರವೇ ಊರಿಗೆ ಹೋದೆ.

“ಹಂಗಾದ್ರೆ ಚಾರ್ಜು ಬೇಗ ಮುಗಿದೋಗಲ್ವೇನಪ್ಪ?” ಎಂದರು ತಂದೆ.

ಪ್ರಶ್ನೆ ನ್ಯಾಯವಾದದ್ದೇ. ಗಾಳಿಮಳೆ ಬಂದರೆ ಅಲ್ಲಿ ಮೊದಲು ಹೋಗುವುದು ವಿದ್ಯುತ್ತು. ಫೋನು ಸತ್ತರೆ ದಾಮಿನಿಯೂ ಮೂಕ. ಆದುದರಿಂದ ದಾಮಿನಿಯೊಂದಕ್ಕೆ ಮಾತ್ರ ಬಿಡುಗಡೆ ಕೊಟ್ಟೆ. ಮೊಮ್ಮಗ ತುಂಬಿಟ್ಟಿದ್ದ ನಾಲ್ಕು ಆಟಗಳು ತೂಕಡಿಸುತ್ತಲೇ ಇವೆ.