ನಾನ್‌ವೆಜ್ ತಿನ್ತೀರಾ?



ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಎರಡು ತಿಂಗಳಿಂದ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೀನಿ. ಹನ್ನೊಂದು ವರ್ಷ ಇದ್ದ ಮನೆಯನ್ನ ಓನರ್ ಕೆಡವಿ ಪಿಜಿ ಕಟ್ಟಿಸ್ತಾರಂತೆ. ಒಳ್ಳೇ ಮನುಷ್ಯ, ಅಡ್ವಾನ್ಸ್ ಪೂರ್ತಿ ವಾಪಸ್ ಕೊಡ್ತೀನಿ ಅಂದಿದ್ದಾರೆ.

ಮೊದಲೆಲ್ಲ ಮನೆ ಹುಡುಕೋದು ಅಂದ್ರೆ ಭಾನುವಾರ ಬೀದಿ ಬೀದಿ ಅಲೆದು 'ಟು ಲೆಟ್' ಬೋರ್ಡು ನೋಡೋದು. ಗೇಟು ತಟ್ಟಿದ್ರೆ ಬಾಡಿಗೆ ಹೇಳೋಕೆ ಮುಂಚೆ "ನೀವು ಯಾವ ಜನ?" ಅನ್ನೋರು. ಹೇಳಿದ ತಕ್ಷಣ "ಅಯ್ಯೋ, ನಿನ್ನೆನೇ ಕೊಟ್ಬಿಟ್ವಲ್ಲ!" ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ನೇತಾಡ್ತಿತ್ತು.

ಈಗ ಅಲೆಯೋದು ಬೇಡ ಅಂತ ಮಗಳು ಮೊಬೈಲಲ್ಲಿ ಆಪ್ ಹಾಕ್ಕೊಂಡು ಕೂತಳು. ಏರಿಯಾ, ಎರಡು ರೂಮು, ಬಾಡಿಗೆ ಎಷ್ಟರೊಳಗೆ, ಮೆಟ್ರೋ ಹತ್ರ ಇರಬೇಕಾ, ಎಲ್ಲ ಟಿಕ್ ಮಾಡಿದಳು. ಕೆಳಗೆ ಇನ್ನೊಂದು ಪ್ರಶ್ನೆ: ನಾನ್‌ವೆಜ್ ತಿನ್ತೀರಾ? 'ಹೌದು' ಒತ್ತಿದಳು. ಅಷ್ಟೊತ್ತು ಕಾಣ್ತಿದ್ದ ಮನೆಗಳಲ್ಲಿ ಎಷ್ಟೋ ಮನೆ ಮಾಯ.

ಯಾರೂ ಬಾಗಿಲು ಹಾಕಲಿಲ್ಲ. ಯಾರೂ ಜಾತಿ ಕೇಳಲಿಲ್ಲ. ಆ ಮನೆಗಳು ನಮಗೆ ಕಾಣಿಸಲೇ ಇಲ್ಲ, ಅಷ್ಟೇ.

"ಅಪ್ಪಾ, ವೆಜ್ ಅಂತ ಹಾಕ್ಲಾ? ಮನೆ ಸಿಕ್ಕಿದ್ಮೇಲೆ ನೋಡ್ಕೊಳ್ಳೋಣ" ಅಂದ್ಳು.

ತಕ್ಷಣ ಬೇಡ ಅನ್ನೋಕೆ ನನ್ನ ಬಾಯಿ ಬರಲಿಲ್ಲ. ಯಾಕಂದ್ರೆ ಆ ಸುಳ್ಳನ್ನ ಮೊದಲು ಹೇಳಿದ್ದು ನಾನೇ. ಅವಳು ಹುಟ್ಟಿದ ವರ್ಷ ಒಬ್ಬ ಓನರ್ "ನಮ್ಮೋರೇನಾ?" ಅಂದಾಗ ನಾನು ಇಲ್ಲ ಅನ್ನಲಿಲ್ಲ, ಸುಮ್ಮನೆ ನಕ್ಕೆ. ಮನೆ ಸಿಕ್ತು. ಒಣಮೀನು ಸಾರು ಮಾಡೋ ದಿನ ಕಿಟಕಿ ಮುಚ್ತಿದ್ವಿ. ಬಾಬಾಸಾಹೇಬರ ಫೋಟೋ ಟ್ರಂಕಿಂದ ಆಚೆ ಬರಲೇ ಇಲ್ಲ. ಊರಿಂದ ಬಂದ ಅವ್ವ ನಾಲ್ಕೂ ಗೋಡೆ ನೋಡಿ, "ಅಂಬೇಡ್ಕರ್ ಎಲ್ಲೋ ಮಗಾ?" ಅಂದ್ಳು. ಸಭೆಗಳಲ್ಲಿ ಮೈಕ್ ಹಿಡಿದು ಮಾತಾಡೋ ನಾನು ಅವತ್ತು ತಲೆ ತಗ್ಗಿಸಿದೆ.

ಊಟ ಅವರವರ ಇಷ್ಟ, ಅದರಲ್ಲಿ ಜಾತಿ ಯಾಕೆ ತರ್ತೀರಿ ಅಂತ ಕೆಲವರು ಕೇಳ್ತಾರೆ. ನಿಜ, ಬಾಡು ತಿನ್ನೋರು ನಾವೊಬ್ಬರೇ ಅಲ್ಲ. ಹೋದ ವಾರ ಒಬ್ಬರು ಫೋನಲ್ಲಿ "ನಾನ್‌ವೆಜ್ ಏನೂ ಪರವಾಗಿಲ್ಲ" ಅಂದ್ರು. ಮನೆ ತೋರಿಸಿದ್ರು, ಒಪ್ಪಿಗೆ ಆಯ್ತು. ಕೊನೆಗೆ "ಸರ್, ತಪ್ಪು ತಿಳ್ಕೋಬೇಡಿ, ಯಾವ ಪೈಕಿ?" ಹೇಳಿದೆ. "ಮನೇಲಿ ಕೇಳಿ ಹೇಳ್ತೀನಿ." ಆಮೇಲೆ ನನ್ನ ಮೆಸೇಜಿಗೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಆಪಲ್ಲಿ ಆ ಮನೆ ಇವತ್ತೂ ಖಾಲಿ. ಥೇಟ್ ಆ ಹಳೇ ಬೋರ್ಡಿನ ಥರ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನ ಹಾಡಿ ಹೊಗಳೋರಿಗೆ ಚಾಟಿ ಬೀಸಿದ್ರು. ಆ ಮಾತು ನಂಬಿ ಊರು ಬಿಟ್ಟು ಬಂದೋರು ನಾವು. ಊರಲ್ಲಿ ಕೇರಿ ಎಲ್ಲಿ ಶುರುವಾಗುತ್ತೆ ಅಂತ ಕಣ್ಣಿಗೆ ಕಾಣ್ತಿತ್ತು. ಇಲ್ಲಿ ಆ ಗೆರೆ ಮೊಬೈಲ್ ಒಳಗೆ ಸೇರ್ಕೊಂಡಿದೆ.

ನಮ್ಮ ಕೈಲಿ ಕಾನೂನು ಇದೆ, ನಾವೇ ಮರೆತಿದ್ದೀವಿ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ಮನೆ ಮಾಡಿ ವಾಸಿಸೋದಕ್ಕೆ ಅಡ್ಡಿಪಡಿಸೋದು ಅಪರಾಧ, 6 ತಿಂಗಳವರೆಗೆ ಜೈಲಿದೆ. ಬಾಯಲ್ಲಿ ಜಾತಿ ಹೆಸರು ಹೇಳಿರಲೇಬೇಕು ಅಂತಿಲ್ಲ. ಪರಿಶಿಷ್ಟ ಜಾತಿಯವರ ಮೇಲೆ ಅಂಥ ಕೃತ್ಯ ನಡೆದಿದ್ರೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ಅಂತ ಕೋರ್ಟು ಭಾವಿಸಬೇಕು, ಅಲ್ಲ ಅಂತ ಎದುರಿನವರೇ ಸಾಬೀತು ಮಾಡಬೇಕು ಅನ್ನುತ್ತೆ 12ನೇ ಸೆಕ್ಷನ್. ಆದ್ರೆ ಮನೆ ನಿರಾಕರಿಸಿದ್ದಕ್ಕೆ ದಾಖಲೆ ಬೇಕಲ್ಲ? ಫಿಲ್ಟರ್ ಕಿತ್ತುಕೊಂಡಿರೋದು ಆ ದಾಖಲೆಯನ್ನೇ. ಕಾಣದ ಮನೆ ಕೊಡಲಿಲ್ಲ ಅಂತ ಯಾರ ಮೇಲೆ ದೂರು ಕೊಡೋಣ?

ಅದಕ್ಕೇ ಒಂದು ಮನವಿ. ಮನೆ ಹುಡುಕೋವಾಗ ಚಾಟ್, ಜಾಹೀರಾತು, ತಾರೀಖು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಜಾತಿ ಕೇಳದೆ ಮನೆ ಕೊಡೋ ಓನರ್‌ಗಳು ಗೊತ್ತಿದ್ರೆ ಒಬ್ಬರಿಗೊಬ್ಬರು ತಿಳಿಸಿ. ಅಂಥೋರೂ ಇದ್ದಾರೆ, ಹನ್ನೊಂದು ವರ್ಷ ಅಂಥವರ ಮನೇಲೇ ಇದ್ದೆ.

ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟೇ: "ಬೇಡ ಕಣವ್ವಾ, ನಿಜಾನೇ ಹಾಕು." ಮನೆ ಇನ್ನೂ ಸಿಕ್ಕಿಲ್ಲ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಎಲ್ಲೇ ಸಿಗಲಿ, ಮೊದಲ ಮೊಳೆ ಬಾಬಾಸಾಹೇಬರ ಫೋಟೋಗೆ.

ಜೈಭೀಮ್.