ಶೆಲ್ಲಿನ ಮೈಮೇಲಿನ ಸಂಖ್ಯೆ

ಮಕ್ಕಳೇ, ಐದು ಅಂಕಿಗಳ ಒಂದು ಸಂಖ್ಯೆ ಹೇಳುತ್ತೇನೆ: 18650. ಇದು ಪಿನ್‌ಕೋಡ್ ಅಲ್ಲ, ಅದಕ್ಕೆ ಆರು ಅಂಕಿಗಳಿರುತ್ತವೆ. ರೈಲಿನ ಸಂಖ್ಯೆಯೂ ಅಲ್ಲ. ಇದು ಒಂದು ವಿದ್ಯುತ್ ಕೋಶದ ಹೆಸರು. ನಿಮ್ಮ ಮನೆಯಲ್ಲಿ ಚಾರ್ಜ್ ಮಾಡುವ ಟಾರ್ಚ್ ಇದ್ದು, ಅದರ ಹಿಂದಿನ ಮುಚ್ಚಳ ತಿರುಗಿಸಿ ತೆಗೆಯಲು ಬರುವಂತಿದ್ದರೆ, ಒಳಗಿನಿಂದ ಜಾರಿ ಬರುವ ಕೋಶದ ಮೇಲೆ ಈ ಸಂಖ್ಯೆ ಇರುವ ಸಾಧ್ಯತೆ ಹೆಚ್ಚು. ದೊಡ್ಡವರನ್ನು ಕೇಳಿಕೊಂಡೇ ತೆಗೆಯಿರಿ.

ನಮ್ಮ ಕಡೆ ಅನೇಕರು ಟಾರ್ಚಿಗೇ ‘ಬ್ಯಾಟರಿ’ ಎನ್ನುತ್ತಾರೆ. ಒಳಗೆ ಹಾಕುವುದು ‘ಶೆಲ್ಲು’. ನಮ್ಮ ಅಜ್ಜನ ಹತ್ತಿರ ಇದ್ದದ್ದು ಮೂರು ಶೆಲ್ಲಿನ ಬ್ಯಾಟರಿ. ಪುಸ್ತಕದ ಪ್ರಕಾರ ಒಂಟಿ ಶೆಲ್ಲು ಎಂದರೆ ಕೋಶ, ಕೋಶಗಳ ಜೋಡಣೆ ಎಂದರೆ ಬ್ಯಾಟರಿ. ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವಂತೆ ಬರೆಯಿರಿ, ಅಂಗಡಿಯಲ್ಲಿ ಶೆಲ್ಲು ಎಂದೇ ಕೇಳಿ!

ಈಗ ಸಂಖ್ಯೆಯನ್ನು ಬಿಡಿಸೋಣ. ಮೊದಲ ಎರಡು ಅಂಕಿಗಳು ಕೋಶದ ವ್ಯಾಸ: 18 ಮಿ.ಮೀ. ನಂತರದ ಎರಡು ಅಂಕಿಗಳು ಉದ್ದ: 65 ಮಿ.ಮೀ. ಕೊನೆಯ ಸೊನ್ನೆ, ಅದು ಸಿಲಿಂಡರ್ ಆಕಾರದ್ದು ಎಂಬುದಕ್ಕೆ ಗುರುತು. ಇಷ್ಟು ತಿಳಿದರೆ ಉಳಿದ ಹೆಸರುಗಳನ್ನು ನೀವೇ ಓದಬಲ್ಲಿರಿ. 21700 ಎಂದರೆ 21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದ. 26650 ಇನ್ನೂ ದಪ್ಪ, ಉದ್ದ ಮಾತ್ರ 65 ಮಿ.ಮೀ. 14500 ಎಂಬುದು ನಮ್ಮ ಪೆನ್ಸಿಲ್ ಶೆಲ್ಲಿನ ಗಾತ್ರ, 10440 ಎಂಬುದು ಟಿ.ವಿ. ರಿಮೋಟಿಗೆ ಹಾಕುವ ಸಣ್ಣ ಶೆಲ್ಲಿನ ಗಾತ್ರ. ಇವೆಲ್ಲವೂ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನು ಕೋಶಗಳು.

ಕೋಶದ ಮೇಲಿನ ಬರಹ ಅಳಿಸಿಹೋಗಿದ್ದರೆ? ಒಂದು ದಾರವನ್ನು ಕೋಶದ ಸುತ್ತ ಒಂದು ಸುತ್ತು ಸುತ್ತಿ, ಅದರ ಉದ್ದವನ್ನು ಅಳತೆಪಟ್ಟಿಯಲ್ಲಿ ನೋಡಿ. ಪರಿಧಿಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಬರುತ್ತದೆ ಎಂದು ಗಣಿತದಲ್ಲಿ ಕಲಿತಿದ್ದೀರಿ. ದಾರ 56 ಅಥವಾ 57 ಮಿ.ಮೀ. ಬಂದರೆ ವ್ಯಾಸ 18. ಸುಮಾರು 66 ಬಂದರೆ 21. ಅಂಗಡಿಗೆ ಹೋಗುವಾಗ ನಾನು ಕೋಶವನ್ನು ಒಯ್ಯುವುದಿಲ್ಲ. ಹಳೆಯ ಪತ್ರಿಕೆಯನ್ನು ಬಿಗಿಯಾಗಿ ಸುರುಳಿ ಸುತ್ತಿ, ಟಾರ್ಚಿನ ಕೊಳವೆಗೆ ಸರಿಯಾಗಿ ಕೂರುವ ಕಾಗದದ ಕೋಶ ಮಾಡಿಕೊಂಡು ಹೋಗುತ್ತೇನೆ. ನೀವೂ ಎಲ್ಲ ಗಾತ್ರಗಳ ಕಾಗದದ ಕೋಶಗಳನ್ನು ಮಾಡಿ ತರಗತಿಯಲ್ಲಿ ಸಾಲಾಗಿ ನಿಲ್ಲಿಸಬಹುದು. ನೋಡಲು ಚೆನ್ನಾಗಿರುತ್ತದೆ.

ಗಾತ್ರ ಯಾಕೆ ಅಷ್ಟು ಮುಖ್ಯ? ಕೋಶ ಟಾರ್ಚಿನೊಳಗೆ ಹಿಡಿಸಬೇಕು ಎಂಬುದು ಒಂದು ಕಾರಣ. ಎರಡನೆಯ ಕಾರಣ ತಿಳಿಯಲು ಕೋಶದ ಒಳಗೇನಿದೆ ಎಂದು ನೋಡಬೇಕು. ಬಿಚ್ಚಿ ನೋಡುವುದು ಬೇಡ, ಬೆಂಕಿ ಹೊತ್ತಿಕೊಳ್ಳಬಹುದು, ನಾನೇ ಹೇಳಿಬಿಡುತ್ತೇನೆ. ಒಳಗೆ ಎರಡು ಉದ್ದನೆಯ ತೆಳು ಪಟ್ಟಿಗಳನ್ನು, ನಡುವೆ ಪೊರೆಯಂಥ ಹಾಳೆಯಿಟ್ಟು, ಚಾಪೆ ಸುತ್ತಿದಂತೆ ಸುತ್ತಿರುತ್ತಾರೆ. ಒಂದು ಪಟ್ಟಿಯ ಮೇಲೆ ಲಿಥಿಯಂ ಸೇರಿದ ಲೋಹದ ಆಕ್ಸೈಡ್, ಇನ್ನೊಂದರ ಮೇಲೆ ಗ್ರಾಫೈಟ್ ಬಳಿದಿರುತ್ತದೆ. ಗ್ರಾಫೈಟ್ ಎಂದರೆ ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ವಸ್ತುವೇ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡನ್ನು ಬಿಟ್ಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಟಾರ್ಚ್ ಹಚ್ಚಿದಾಗ ಅವು ಹಿಂದಕ್ಕೆ ಬರುತ್ತವೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯ ಮೂಲಕ ಹರಿದು ದೀಪ ಬೆಳಗುತ್ತದೆ. ಹೀಗೆ ಹೋಗಿ ಬರುವ ಕೋಶಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ! 1991ರಲ್ಲಿ ಜಪಾನಿನ ಸೋನಿ ಕಂಪನಿ ಈ ಬಗೆಯ ಕೋಶವನ್ನು ಮೊದಲು ಮಾರುಕಟ್ಟೆಗೆ ತಂದಿತ್ತು.

ಹಾಗಾದರೆ ಯೋಚಿಸಿ: ಡಬ್ಬಿ ದೊಡ್ಡದಾದಷ್ಟೂ ಒಳಗಿನ ಚಾಪೆಯನ್ನು ಹೆಚ್ಚು ಸುತ್ತು ಸುತ್ತಬಹುದು, ಅಯಾನುಗಳಿಗೆ ಹೆಚ್ಚು ಜಾಗ ಸಿಗುತ್ತದೆ. ಚಿಕ್ಕ ಡಬ್ಬಿಯಲ್ಲಿ ಹೆಚ್ಚು ತುಂಬುತ್ತೇನೆಂದರೆ ಆಗದು. ಸೇರಿನಲ್ಲಿ ಮೂರು ಸೇರು ಅಕ್ಕಿ ಹಿಡಿಸುತ್ತದೆಯೇ?

ಕೋಶ ಎಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಮಿಲಿ ಆಂಪಿಯರ್ ಗಂಟೆಗಳಲ್ಲಿ ಹೇಳುತ್ತಾರೆ. ಅಂಗಡಿಯವರ ಮಾತಿನಲ್ಲಿ ಅದು ‘ಎಂಎಎಚ್’. 2600 ಎಂದು ಬರೆದ ಕೋಶವನ್ನು 700 ಮಿಲಿ ಆಂಪಿಯರ್ ಬಳಸುವ ಟಾರ್ಚಿಗೆ ಹಾಕಿದರೆ, 2600ನ್ನು 700ರಿಂದ ಭಾಗಿಸಿ. ಮೂರೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ಬೆಳಕು.

ಈ ಲೆಕ್ಕವನ್ನು ನಾನು ಬೆಂಗಳೂರಿನ ನಗರ್ತಪೇಟೆಯ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ಹೇಳಿಕೊಟ್ಟಿದ್ದೆ. ಬೇರೆ ಊರುಗಳ ಮಕ್ಕಳಿಗೆ ಈ ಜಾಗದ ಪರಿಚಯ ಮಾಡಿಕೊಡಬೇಕು. ಇದು ಹಳೆಯ ಬೆಂಗಳೂರಿನ ಪೇಟೆ. ಬೀದಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ತಳ್ಳುಗಾಡಿ ಬಂದರೆ ನೀವು ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಬೇಕು. ನಡೆದರೆ ಸ್ವಲ್ಪ ದೂರದಲ್ಲೇ ಕೆ.ಆರ್. ಮಾರುಕಟ್ಟೆ. 1905ರ ಆಗಸ್ಟಿನಲ್ಲಿ, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹೊತ್ತಿಕೊಂಡದ್ದು ಆ ಮಾರುಕಟ್ಟೆಯ ಬಳಿಯೇ. ಇನ್ನೊಂದು ಮಗ್ಗುಲಿಗೆ ಸಾದರ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್.ಪಿ. ರಸ್ತೆ. ತಂತಿ, ಸ್ವಿಚ್ಚು, ಮೋಟಾರು, ಕಂಪ್ಯೂಟರಿನ ಬಿಡಿಭಾಗ, ಟಾರ್ಚು, ಕೋಶ, ಏನು ಬೇಕಾದರೂ ಅಲ್ಲಿ ಸಿಗುತ್ತದೆ. ಗ್ರಹಣದ ಪಾಠಕ್ಕೆ ಸೂರ್ಯನ ಬದಲು ಹಿಡಿಯುವ ನನ್ನ ಟಾರ್ಚಿನ ಕೋಶ ಕೊಂಡದ್ದೂ ಅಲ್ಲೇ.

ಮರುವಾರ ನಾನು ಆ ಶಾಲೆಗೆ ಹೋದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೈಯಲ್ಲಿ ಒಂದು ಕೋಶ ಹಿಡಿದು ಕಾಯುತ್ತಿದ್ದಳು. “ಮಿಸ್, ನಮ್ಮಪ್ಪ ತಂದಿರೋ ಶೆಲ್ ಮೇಲೆ 9900 ಅಂತ ಇದೆ. ನೀವು ಹೇಳಿದ ಲೆಕ್ಕ ಮಾಡಿದ್ರೆ ರಾತ್ರಿಯೆಲ್ಲ ಉರೀಬೇಕು. ಒಂದು ಗಂಟೆಗೇ ಮಂಕಾಗುತ್ತೆ. ಲೆಕ್ಕ ತಪ್ಪೋ, ಶೆಲ್ಲು ತಪ್ಪೋ?”

ಅವಳ ತಂದೆ ಪೇಟೆಯ ಗೋದಾಮೊಂದರಲ್ಲಿ ರಾತ್ರಿ ಕಾವಲುಗಾರರು. ಕರೆಂಟು ಹೋದರೆ ಆ ಕಟ್ಟಡದ ಕಡಿದಾದ ಮೆಟ್ಟಿಲುಗಳಲ್ಲಿ ಟಾರ್ಚೊಂದೇ ದಿಕ್ಕು. ಅದು ಮಧ್ಯರಾತ್ರಿಗೇ ಆರಿದರೆ ಬೆಳಗಿನವರೆಗೆ ಕತ್ತಲಲ್ಲಿ ಗೋಡೆ ತಡವಿಕೊಂಡು ಓಡಾಡಬೇಕು. ಹಾಗಾಗಿ ಇದು ಬರಿಯ ಲೆಕ್ಕದ ಪ್ರಶ್ನೆಯಾಗಿರಲಿಲ್ಲ.

ಕಪ್ಪುಹಲಗೆಯ ಮೇಲೆ ಇಡೀ ತರಗತಿ ಸೇರಿ ಲೆಕ್ಕ ಮಾಡಿದೆವು. ಕೋಶದ ಗಾತ್ರ 18650. ತ್ರಿಜ್ಯ 0.9 ಸೆಂ.ಮೀ., ಉದ್ದ 6.5 ಸೆಂ.ಮೀ. ಘನಫಲ: 3.14 × 0.9 × 0.9 × 6.5, ಅಂದರೆ ಸುಮಾರು 16.5 ಘನ ಸೆಂ.ಮೀ. ಹೆಸರುವಾಸಿ ಕಂಪನಿಗಳ ಒಳ್ಳೆಯ 18650 ಕೋಶ ಹಿಡಿಯುವುದು ಹೆಚ್ಚೆಂದರೆ 3500ರ ಆಸುಪಾಸು. ಭಾಗಿಸಿದರೆ ಪ್ರತಿ ಘನ ಸೆಂ.ಮೀ.ಗೆ ಸುಮಾರು 210. ಸರಿಯೇ ಎಂದು ನೋಡಲು ಇನ್ನೊಂದು ಗಾತ್ರವನ್ನು ತೆಗೆದುಕೊಂಡೆವು. 21700ರ ಘನಫಲ 24.2 ಘನ ಸೆಂ.ಮೀ., ಒಳ್ಳೆಯ ಕೋಶದ ಸಾಮರ್ಥ್ಯ 5000. ಅಲ್ಲಿಯೂ ಸುಮಾರು 210! ಈಚಿನ ಕೆಲವು ವಿಶೇಷ ಕೋಶಗಳು ಇದಕ್ಕಿಂತ ಸ್ವಲ್ಪ ಮುಂದೆ ಹೋಗಿವೆ, ನಿಜ. ಆದರೆ ಅವಳ ಕೈಯಲ್ಲಿದ್ದ ಕೋಶದ ಲೆಕ್ಕ ಪ್ರತಿ ಘನ ಸೆಂ.ಮೀ.ಗೆ 600 ಎಂದು ಬಂತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, “ಮಿಸ್, ಮೂರು ಸೇರು ಅಕ್ಕಿ!” ಎಂದ.

ಇಷ್ಟಕ್ಕೇ ನಿಲ್ಲಿಸಬಾರದು ಅನ್ನಿಸಿತು. ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವವರಿಗೆ ಕೊರತೆಯಿಲ್ಲ. ಪರಿಚಯದವರೊಬ್ಬರ ತಕ್ಕಡಿಯ ಮೇಲೆ, ಅವರ ಅನುಮತಿ ಪಡೆದು, ಎರಡು ಕೋಶಗಳನ್ನು ಒಂದಾದ ಮೇಲೊಂದರಂತೆ ಇಟ್ಟೆವು. ನನ್ನ ಕೋಶ 46 ಗ್ರಾಂ. 9900 ಎಂದು ಬರೆದದ್ದು 28 ಗ್ರಾಂ. ಹೊರಗಿನ ಗಾತ್ರ ಒಂದೇ, ತೂಕ ಮಾತ್ರ ಬೇರೆ. ಅಂದರೆ ಒಳಗೆ ಸುತ್ತಬೇಕಾದಷ್ಟು ಚಾಪೆಯನ್ನು ಸುತ್ತಿಯೇ ಇಲ್ಲ. ಆ ಮೇಲೆ ಟಾರ್ಚಿನ ವಿದ್ಯುತ್ ಪ್ರವಾಹವನ್ನು ಮಲ್ಟಿಮೀಟರಿನಲ್ಲಿ ಅಳೆದೆವು: 0.7 ಆಂಪಿಯರ್. ಪೂರ್ತಿ ಚಾರ್ಜ್ ಮಾಡಿದ ಕೋಶ 70 ನಿಮಿಷಕ್ಕೆ ಸೋತಿತು. ಅದರ ನಿಜವಾದ ಸಾಮರ್ಥ್ಯ ಎಷ್ಟೆಂದು ನೀವೇ ಗುಣಿಸಿ ನೋಡಿ. 9900ರ ಹತ್ತನೆಯ ಒಂದು ಭಾಗವೂ ಬರುವುದಿಲ್ಲ.

ಅವಳ ತಂದೆ ಆ ಸಂಜೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಯ ಹತ್ತಿರ ಬಂದರು. “ಅಲ್ಲಾ ಮೇಡಂ, ಅಷ್ಟು ದಪ್ಪಕ್ಷರದಲ್ಲಿ ಬರ್ದವ್ರಲ್ಲ!” ಎಂದರು. ಹೌದು, ಬರೆಯಲು ಶಾಯಿ ಸಾಕು. ಅವರು 2600 ಎಂದು ಬರೆದ, 45 ಗ್ರಾಂ ತೂಗಿದ ಕೋಶವೊಂದನ್ನು ಕೊಂಡರು. ಸಣ್ಣ ಸಂಖ್ಯೆ, ಹೆಚ್ಚು ಬೆಳಕು. ಎರಡು ಕೋಶ ಇಟ್ಟುಕೊಂಡು ಬದಲಿಸುತ್ತಿದ್ದರೆ ಇನ್ನೂ ಒಳ್ಳೆಯದು ಎಂದೆ. ಮುಂದಿನ ಸಂಬಳಕ್ಕೆ ನೋಡುತ್ತೇನೆ ಎಂದರು.

ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಸಂಖ್ಯೆಯಿದೆ. ನಮ್ಮ ದೇಶದಲ್ಲಿ ಮಾರುವ ಇಂಥ ಕೋಶಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಐಎಸ್ 16046 ಎಂಬ ಬರಹ ಮತ್ತು ನೋಂದಣಿ ಸಂಖ್ಯೆ ಇರಬೇಕು. ಹಳೆಯ ಲ್ಯಾಪ್‌ಟಾಪುಗಳಿಂದ ಕಿತ್ತು ಹೊಸ ಹೊದಿಕೆ ಹಾಕಿದ ಕೋಶಗಳನ್ನು ಅಗ್ಗ ಎಂದು ಕೊಳ್ಳಬೇಡಿ. ಅವು ಎಷ್ಟು ಸವೆದಿವೆ ಎಂದು ಹೊರಗಿನಿಂದ ತಿಳಿಯದು. ಇನ್ನೊಂದು ಕಿರಿಕಿರಿಯೂ ಇದೆ. ಕೆಲವು 18650 ಕೋಶಗಳ ತುದಿಗೆ, ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಪುಟ್ಟ ರಕ್ಷಣಾ ಮಂಡಲ ಸೇರಿಸಿರುತ್ತಾರೆ. ಆಗ ಉದ್ದ 68ರಿಂದ 70 ಮಿ.ಮೀ. ಆಗುತ್ತದೆ. ರಕ್ಷಣೆ ಇರುವುದು ಒಳ್ಳೆಯದೇ, ಆದರೆ ನಿಮ್ಮ ಟಾರ್ಚಿನ ಮುಚ್ಚಳ ಕೂರಬೇಕಲ್ಲ! ಕಾಗದದ ಕೋಶ ಮಾಡಿಕೊಂಡು ಹೋಗಿ ಎಂದದ್ದು ಇದಕ್ಕೇ.

ಯಾವ ಗಾತ್ರ ಒಳ್ಳೆಯದು ಎಂದು ನೀವು ಕೇಳಬಹುದು. ಪೆನ್ಸಿಲ್ ಶೆಲ್ಲಿನ ಗಾತ್ರದಲ್ಲಿ ಲಿಥಿಯಂ ಬೇಡ ಎನ್ನುವವಳು ನಾನು. ಕಾರಣ ಹೇಳುತ್ತೇನೆ. 14500 ಕೋಶದ ಸಾಮರ್ಥ್ಯ ಸುಮಾರು 800. 3.7 ವೋಲ್ಟಿನಿಂದ ಗುಣಿಸಿದರೆ ಸುಮಾರು 3 ವ್ಯಾಟ್ ಗಂಟೆ. ಅದೇ ಗಾತ್ರದ, ಚಾರ್ಜ್ ಮಾಡಬಹುದಾದ ನಿಕ್ಕಲ್ ಕೋಶ 1.2 ವೋಲ್ಟ್, 2000 ಮಿಲಿ ಆಂಪಿಯರ್ ಗಂಟೆ. ಅದೂ ಹತ್ತಿರ ಹತ್ತಿರ ಎರಡೂವರೆ ವ್ಯಾಟ್ ಗಂಟೆ ಕೊಡುತ್ತದೆ. ಲಾಭ ಅಷ್ಟಕ್ಕಷ್ಟೆ, ಅಪಾಯ ಮಾತ್ರ ದೊಡ್ಡದು. ಮನೆಯಲ್ಲಿ ಯಾರಾದರೂ ಗೊತ್ತಿಲ್ಲದೆ ಎರಡು 14500 ಕೋಶಗಳನ್ನು ಮಾಮೂಲಿ ಎರಡು ಶೆಲ್ಲಿನ ಟಾರ್ಚಿಗೆ ಹಾಕಿದರೆ, 3 ವೋಲ್ಟ್ ಬೇಕಾದ ಕಡೆ 8.4 ವೋಲ್ಟ್ ಹೋಗುತ್ತದೆ. ಪೂರ್ತಿ ಚಾರ್ಜ್ ಆದ ಒಂದು ಲಿಥಿಯಂ ಅಯಾನು ಕೋಶದ ವಿಭವಾಂತರ 4.2 ವೋಲ್ಟ್, ನೆನಪಿರಲಿ. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವ ಅಪ್ಪನಿಗೆ, ಕಾವಲಿನವರಿಗೆ 18650 ಅಥವಾ 21700 ಸರಿ. 26650 ಕೂಡ ಹೆಚ್ಚು ಹೊತ್ತು ಉರಿಯುತ್ತದೆ, ಆದರೆ ಚಿಕ್ಕ ಕೈಗೆ ಹಿಡಿಯಲು ದಪ್ಪ.

ಎರಡು ಲಿಥಿಯಂ ಕೋಶಗಳನ್ನು ಒಂದರ ಹಿಂದೆ ಒಂದು ಹಾಕುವ ಟಾರ್ಚಿಗಿಂತ ಒಂದೇ ದೊಡ್ಡ ಕೋಶದ ಟಾರ್ಚ್ ಮೇಲು. ಎರಡರಲ್ಲಿ ಒಂದು ದುರ್ಬಲವಾಗಿದ್ದರೆ ಅದು ಮೊದಲು ಬರಿದಾಗುತ್ತದೆ. ಇನ್ನೊಂದು ಕೋಶ ಅದರ ಮೂಲಕ ವಿದ್ಯುತ್ತನ್ನು ತಳ್ಳುತ್ತಲೇ ಇರುತ್ತದೆ. ಆಗ ದುರ್ಬಲ ಕೋಶ ಕೆಟ್ಟು ಬಿಸಿಯಾಗಬಹುದು, ಬೆಂಕಿಯೂ ಹೊತ್ತಬಹುದು.

ಚಾರ್ಜ್ ಮಾಡುವಾಗಲೂ ಗಾತ್ರ ಮರೆಯಬಾರದು. ಕೋಶದ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚಿನ ಪ್ರವಾಹ ಕೊಡಬೇಡಿ. 2600ರ ಕೋಶಕ್ಕೆ 1000 ಮಿಲಿ ಆಂಪಿಯರಿನ ಚಾರ್ಜರ್ ಸರಿ. ಅದೇ ಚಾರ್ಜರಿಗೆ 350ರ ಪುಟ್ಟ 10440 ಕೋಶ ಹಾಕಿದರೆ ಅದು ತಾಳದು. ಲಿಥಿಯಂ ಅಯಾನು ಕೋಶಕ್ಕೆಂದೇ ಮಾಡಿದ ಚಾರ್ಜರ್ ಬೇಕು. ಯಾರಾದರೂ ಎಚ್ಚರವಿರುವಾಗ, ಹಾಸಿಗೆ ಬಟ್ಟೆಗಳಿಂದ ದೂರ, ನೆಲದ ಮೇಲೋ ಕಲ್ಲಿನ ಕಟ್ಟೆಯ ಮೇಲೋ ಇಟ್ಟು ಚಾರ್ಜ್ ಮಾಡಲಿ. ಪೇಟೆಯ ಇಕ್ಕಟ್ಟು ಬೀದಿಗಳಲ್ಲಿ ಅಗ್ನಿಶಾಮಕ ವಾಹನ ಒಳಗೆ ಬರುವುದೇ ಕಷ್ಟ. ಬಿಡಿ ಕೋಶವನ್ನು ನಾಣ್ಯ, ಬೀಗದ ಕೈ ಇರುವ ಜೇಬಿನಲ್ಲಿ ಹಾಕಿಕೊಳ್ಳಬೇಡಿ. ಧನಾಗ್ರ ಋಣಾಗ್ರಗಳು ಲೋಹದ ಮೂಲಕ ಕೂಡಿಕೊಂಡರೆ ಜೇಬೇ ಸುಡುತ್ತದೆ.

ಆ 9900ರ ಕೋಶ ಏನಾಯಿತು ಎಂದು ಕೇಳುತ್ತೀರಾ? ಅದರ ಎರಡೂ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಕಸದ ಬುಟ್ಟಿಗೆ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಟ್ಟೆವು. ಕೊಡುವ ಮೊದಲು ಅದರ ತೂಕ, ಗಾತ್ರ, ಉರಿದ ನಿಮಿಷಗಳನ್ನು ಆ ಹುಡುಗಿ ತನ್ನ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.